ಮಗನ ಊರಿನಲ್ಲಿ ಮಹಾಕವಿ

ಅಮೆರಿಕ ಸಂಯುಕ್ತ ಸಂಸ್ಥಾನಗಳ ಇಲಿನಾಯ್ ಪ್ರಾಂತದಲ್ಲಿ, ಷಿಕಾಗೋ ಮಹಾನಗರಕ್ಕೆ ದಕ್ಷಿಣವಾಗಿ ಸುಮಾರು ಇನ್ನೂರು ಕಿಲೋಮೀಟರುಗಳ ದೂರದಲ್ಲಿ, ಅರ್ಬಾನಾ ಎಂಬ ಊರಿದೆ. ಅಲ್ಲಿ ಬೆಟ್ಟವಿಲ್ಲ, ಹೇಳಿಕೊಳ್ಳುವಂಥ ಹೊಳೆಯಿಲ್ಲ. ನೆಲವೆಲ್ಲ ಅಂಗೈಯಂತೆ ಸಮ. ಕಣ್ಣು ಹರಿಯುವವರೆಗೂ ಮುಸುಕಿನ ಜೋಳದ ಹೊಲ. ಚಳಿಗಾಲ ಬಂದಿತೆಂದರೆ ಆ ಹೊಲಗಳ ಮೇಲೆ ಹಿಮ ಬಿದ್ದು, ಭೂಮಿ ಯಾವುದು ಆಕಾಶ ಯಾವುದು ಎಂಬುದೇ ತಿಳಿಯದಂತಾಗುತ್ತದೆ. 1912ನೆಯ ಇಸವಿಯ ನವೆಂಬರ್ ಆರಂಭದಲ್ಲಿ, ಇಂಥದೊಂದು ಚಳಿಗಾಲದ ಹೊಸ್ತಿಲಿನಲ್ಲಿ, ಬಂಗಾಳದ ಸಂಸಾರವೊಂದು ಅಲ್ಲಿಗೆ ಬಂದು ವೆಸ್ಟ್ ಹೈ ಸ್ಟ್ರೀಟ್ ಎಂಬ ಬೀದಿಯ 508ನೆಯ ನಂಬರಿನ ಮನೆಯನ್ನು ಬಾಡಿಗೆಗೆ ಹಿಡಿಯಿತು. ಮಗನಿಗೆ ಇಪ್ಪತ್ತನಾಲ್ಕು ತುಂಬುತ್ತಿದ್ದಿತು, ಸೊಸೆಗೆ ಹತ್ತೊಂಬತ್ತು, ತಂದೆಗೆ ಐವತ್ತೊಂದು. ಮಗ ಆ ಊರಿನ ವಿಶ್ವವಿದ್ಯಾನಿಲಯದ ಹಳೆಯ ವಿದ್ಯಾರ್ಥಿ. ನಿಂತುಹೋಗಿದ್ದ ವ್ಯಾಸಂಗವನ್ನು ಮುಂದುವರಿಸಿ ಡಾಕ್ಟರೇಟ್ ಪದವಿಯನ್ನು ಪಡೆಯಬೇಕೆಂದು ಬಂದವನು. ತಂದೆ, ಮಗನ ಮನೆಯಲ್ಲಿ ಸದ್ದಿಲ್ಲದೆ ಕೆಲವು ಕಾಲ ಇದ್ದು ದಣಿವಾರಿಸಿಕೊಳ್ಳಲು ಬಂದವರು. ಅವರ ಹೆಸರು ರವೀಂದ್ರನಾಥ ಠಾಕೂರ್.

ವಿದೇಶದಲ್ಲಿ ಓದುತ್ತಿರುವ ಮಗನನ್ನೋ ಮಗಳನ್ನೋ ನೋಡಿಬರಲು ಹೊರಡುವ ತಾಯಿತಂದೆಗಳು ಇಂದು ನಮ್ಮ ಬಡಾವಣೆಗೊಬ್ಬರಾದರೂ ಇದ್ದಾರೆ. ವಿಮಾನ ಹತ್ತಿದರೆ ಮರುದಿನ ಮಗನ ಬಾಗಿಲು. ಆಗ ಹಾಗಿರಲಿಲ್ಲ. ಮಗನನ್ನು ಹಡಗು ಹತ್ತಿಸಿದ ಮೇಲೆ ಅವನ ಮುಖವನ್ನು ಮತ್ತೆ ನೋಡುವುದು ಮೂರು ವರ್ಷಕ್ಕೋ ನಾಲ್ಕು ವರ್ಷಕ್ಕೋ. ಅಲ್ಲಿಯವರೆಗೆ ವಾರಗಟ್ಟಲೆ ಹಾದಿ ನಡೆದು ಬರುವ ಕಾಗದವೇ ಮಗ. ಖರ್ಚು ಮಾಡಿಕೊಂಡು ಹಿಂದೆಯೇ ಹೋಗಿ ನೋಡಿಬರುವ ಸಾಮರ್ಥ್ಯ ಕೆಲವರಿಗೆ ಮಾತ್ರ ಇದ್ದಿತು. ಅಲಹಾಬಾದಿನ ಪ್ರಸಿದ್ಧ ವಕೀಲರಾದ ಮೋತಿಲಾಲ್ ನೆಹರೂ ಅಂಥವರು. 1905ರಲ್ಲಿ ತಾವೇ ಸಂಸಾರ ಸಮೇತ ಇಂಗ್ಲೆಂಡಿಗೆ ಹೋಗಿ ಮಗ ಜವಾಹರನನ್ನು ಹ್ಯಾರೋ ಶಾಲೆಗೆ ಸೇರಿಸಿದರು. 1909ರಲ್ಲಿ ಮಗ ಕೇಂಬ್ರಿಜ್ಜಿನಲ್ಲಿದ್ದಾಗ ಮತ್ತೆ ಯೂರೋಪಿಗೆ ಹೋದರು. ಆ ವರ್ಷ ತಂದೆ ಮಗ ಇಬ್ಬರೂ ಬರ್ಲಿನ್ನಿನಲ್ಲಿ ಕೌಂಟ್ ಜೆಪ್ಪೆಲಿನ್ನನ ವಾಯುನೌಕೆ ಬಂದಿಳಿದುದನ್ನು ಕಂಡರು. ಕೆಲವು ವಾರಗಳ ತರುವಾಯ ಪ್ಯಾರಿಸ್ಸಿನಲ್ಲಿ ಐಫೆಲ್ ಗೋಪುರವನ್ನು ಸುತ್ತುಹಾಕಿದ ವಿಮಾನವನ್ನು ಕಂಡರು. ಜವಾಹರಲಾಲರು ತಮ್ಮ ಆತ್ಮಕಥೆಯಲ್ಲಿ ಈ ಎರಡು ನೋಟಗಳನ್ನೂ ಮರೆಯದೆ ಬರೆದಿದ್ದಾರೆ. ಅದು ಸಿರಿವಂತ ತಂದೆಯ ಸಂತೋಷದ ಪ್ರವಾಸ. ಅರ್ಬಾನಾಕ್ಕೆ ಬಂದ ಈ ಇನ್ನೊಬ್ಬ ತಂದೆಯ ಪ್ರವಾಸದ ಹಿಂದೆ ಬೇರೆಯೇ ಒಂದು ಕಥೆಯಿದ್ದಿತು.

ರವೀಂದ್ರರಿಗೆ ವಿದೇಶದ ವಿದ್ಯಾಭ್ಯಾಸವೆಂದರೇನೆಂಬುದು ಸ್ವಂತ ಅನುಭವದಿಂದ ತಿಳಿದಿದ್ದಿತು. 1878ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ನ್ಯಾಯಶಾಸ್ತ್ರ ಓದಲೆಂದು ಅವರನ್ನು ಇಂಗ್ಲೆಂಡಿಗೆ ಕಳುಹಿಸಲಾಗಿದ್ದಿತು. ಬ್ರೈಟನ್ನಿನಲ್ಲಿ ಕೆಲವು ತಿಂಗಳು, ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಕೆಲವು ತಿಂಗಳು ಕಳೆದು, ಪದವಿಯಿಲ್ಲದೆ 1880ರಲ್ಲಿ ತಂದೆ ದೇವೇಂದ್ರನಾಥರ ಕರೆಯ ಮೇರೆಗೆ ಹಿಂದಿರುಗಿದರು. ತಾವು ಪದವಿಯಿಲ್ಲದೆ ಬಂದವರೆಂದೋ ಏನೋ, ಮನೆಯ ಇತರ ತರುಣರನ್ನು ಹೊರನಾಡಿಗೆ ಕಳುಹಿಸುವುದರಲ್ಲಿ ಅವರ ಉತ್ಸಾಹ ಕುಂದಲಿಲ್ಲ. ಮೂವರು ಅಳಿಯಂದಿರೂ ಒಂದಲ್ಲ ಒಂದು ಕಾಲದಲ್ಲಿ ಸಮುದ್ರ ದಾಟಿದವರೇ: ಹಿರಿಯಳಿಯ ಬ್ಯಾರಿಸ್ಟರ್ ಆಗಲು ಇಂಗ್ಲೆಂಡಿಗೆ, ಎರಡನೆಯವನು ವೈದ್ಯ ಕಲಿಯಲು ಅಮೆರಿಕಕ್ಕೆ, ಕಿರಿಯ ಮಗಳು ಮೀರಾಳ ಗಂಡ ನಗೇಂದ್ರನಾಥ ಬೇಸಾಯಶಾಸ್ತ್ರ ಕಲಿಯಲು ಇದೇ ಅರ್ಬಾನಾಕ್ಕೆ. ಮಾವನ ಮನೆಯ ಖಜಾನೆ ಇದರಿಂದ ತುಂಬಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಹಿರಿಯ ಮಗ ರಥೀಂದ್ರನ ವಿಷಯದಲ್ಲಿ ಅವರ ಆಲೋಚನೆ ಇನ್ನೂ ವಿಶೇಷವಾದುದು. 1901ರ ಡಿಸೆಂಬರಿನಲ್ಲಿ ಶಾಂತಿನಿಕೇತನದಲ್ಲಿ ಶಾಲೆ ತೆರೆದಾಗ ಇದ್ದ ಐವರು ವಿದ್ಯಾರ್ಥಿಗಳಲ್ಲಿ ಅವನೊಬ್ಬ. ಆ ಶಾಲೆಗಾಗಿ ತಾಯಿ ಮೃಣಾಲಿನಿದೇವಿ ಮೈಮೇಲಿನ ಒಡವೆಗಳನ್ನು ಕೊಟ್ಟುದನ್ನು ಕಂಡವನು. ಅಂದಿನ ಶ್ರೀಮಂತ ಬಂಗಾಳಿ ಮನೆಗಳಲ್ಲಿ ಮಗನೆಂದರೆ ಆಕ್ಸ್‌ಫರ್ಡ್‌ನಲ್ಲಿ ಓದಿ ಐ.ಸಿ.ಎಸ್. ಆಗಬೇಕು, ಇಲ್ಲವೆ ಬ್ಯಾರಿಸ್ಟರ್ ಆಗಬೇಕು. ಐ.ಸಿ.ಎಸ್. ಪರೀಕ್ಷೆಯಲ್ಲಿ ತೇರ್ಗಡೆಯಾದ ಮೊಟ್ಟಮೊದಲ ಭಾರತೀಯರಾದ ಸತ್ಯೇಂದ್ರನಾಥ ಠಾಕೂರರು ರವೀಂದ್ರರ ಒಡಹುಟ್ಟಿದ ಅಣ್ಣ. ಅಂಥ ಮನೆಯ ಹುಡುಗನನ್ನು ತಂದೆ 1906ರಲ್ಲಿ ಕಳುಹಿಸಿದುದು ಅಮೆರಿಕಕ್ಕೆ, ಕಲಿಯಹೇಳಿದುದು ಬೇಸಾಯವನ್ನು! ಜೊತೆಗೆ ಸ್ನೇಹಿತರ ಮಗ ಸಂತೋಷಚಂದ್ರ ಮಜುಮ್‌ದಾರನೂ ಹೊರಟ. ಪದ್ಮಾನದಿಯ ದಂಡೆಯ ಶಿಲಾಯಿದಹದಲ್ಲಿ ಮನೆತನದ ಜಮೀನ್ದಾರಿಯನ್ನು ನೋಡಿಕೊಳ್ಳುತ್ತಿದ್ದ ಕಾಲದಲ್ಲಿ ರೈತರ ಹಸಿವನ್ನೂ ಸಾಲವನ್ನೂ ರವೀಂದ್ರರು ಹತ್ತಿರದಿಂದ ಕಂಡಿದ್ದರು. ಆ ರೈತರು ತೆತ್ತ ಕಂದಾಯದ ಹಣದಲ್ಲಿ ಓದುವ ಮಗ ಆ ರೈತರ ಹೊಲಕ್ಕೇ ಬರುವ ವಿದ್ಯೆಯನ್ನು ಕಲಿಯಬೇಕೆಂಬುದು ಅವರ ನಿಶ್ಚಯ.

ಅರ್ಬಾನಾದ ಇಲಿನಾಯ್ ವಿಶ್ವವಿದ್ಯಾನಿಲಯ ಇದಕ್ಕೆ ತಕ್ಕ ಸ್ಥಳ. 1867ರಲ್ಲಿ ಸರ್ಕಾರ ಕೊಟ್ಟ ಭೂಮಿಯ ಆಧಾರದ ಮೇಲೆ ಸ್ಥಾಪಿತವಾದ ವಿದ್ಯಾಸಂಸ್ಥೆ ಅದು. ಬೇಸಾಯ ಮತ್ತು ಯಂತ್ರವಿದ್ಯೆಗಳನ್ನು ಸಾಮಾನ್ಯ ಜನರ ಮಕ್ಕಳಿಗೆ ಕಲಿಸುವುದೇ ಅದರ ಮೂಲ ಉದ್ದೇಶ. ಅಲ್ಲಿ ಮಾರೋ ಪ್ಲಾಟ್ಸ್ ಎಂಬ ಪ್ರಯೋಗದ ಹೊಲವೊಂದಿದೆ. ಒಂದೇ ನೆಲದಲ್ಲಿ ವರ್ಷವರ್ಷವೂ ಜೋಳವನ್ನೇ ಬಿತ್ತಿದರೆ ಮಣ್ಣಿನ ಸಾರ ಏನಾಗುತ್ತದೆ, ಬೆಳೆಯನ್ನು ಬದಲಾಯಿಸಿದರೆ ಏನಾಗುತ್ತದೆ ಎಂಬುದನ್ನು ತಿಳಿಯಲು 1876ರಲ್ಲಿ ಆರಂಭಿಸಿದ ಈ ಪ್ರಯೋಗ ಇಂದಿಗೂ ನಡೆಯುತ್ತಲೇ ಇದೆ. ವಿಶ್ವವಿದ್ಯಾನಿಲಯ ಬೆಳೆದು ಕಟ್ಟಡಗಳು ಸುತ್ತುಗಟ್ಟಿದರೂ ಆ ತುಂಡು ಹೊಲವನ್ನು ಯಾರೂ ಮುಟ್ಟಿಲ್ಲ. ಇಂಥ ವಾತಾವರಣದಲ್ಲಿ ರಥೀಂದ್ರ ಮೂರು ವರ್ಷ ಓದಿ 1909ರಲ್ಲಿ ಬಿ.ಎಸ್‌ಸಿ. ಪದವೀಧರನಾದ. ಫ್ರೆಂಚ್ ಭಾಷೆಯ ಅಧ್ಯಾಪಕರಾಗಿದ್ದ ಸೆಮೂರ್ ಎಂಬವರ ಪತ್ನಿ ಈ ಪರದೇಶದ ಹುಡುಗನನ್ನು ಮನೆಯ ಮಗನಂತೆ ನೋಡಿಕೊಂಡರು.

ತಾಯಿ ಎಂಬುವಳು ಅವನಿಗೆ ಆಗ ಇರಲಿಲ್ಲ. ಮೃಣಾಲಿನಿದೇವಿ 1902ರ ನವೆಂಬರಿನಲ್ಲಿಯೇ ತೀರಿಕೊಂಡಿದ್ದರು. ಮರುವರ್ಷ ತಂಗಿ ರೇಣುಕಾ ಕ್ಷಯದಿಂದ ಹೋದಳು. ರಥೀಂದ್ರ ಅರ್ಬಾನಾದಲ್ಲಿದ್ದಾಗಲೇ, 1907ರ ನವೆಂಬರಿನಲ್ಲಿ, ರಜೆಗೆಂದು ಸ್ನೇಹಿತನೊಡನೆ ಮುಂಗೇರಿಗೆ ಹೋಗಿದ್ದ ತಮ್ಮ ಶಮೀಂದ್ರ ಕಾಲರಾ ತಗುಲಿ ತೀರಿಹೋದ. ಹನ್ನೊಂದರ ಆಸುಪಾಸಿನ ಬಾಲಕ. ಮನೆಯ ಎಲ್ಲರ ಮುದ್ದು. ಇದ್ದ ಇಬ್ಬರು ಗಂಡುಮಕ್ಕಳಲ್ಲಿ ಒಬ್ಬನನ್ನು ಸುಟ್ಟುಬಂದ ತಂದೆಗೆ ಇನ್ನೊಬ್ಬ ಮಗ ಸಾವಿರಾರು ಮೈಲಿಗಳಾಚೆ, ಎರಡು ಸಮುದ್ರಗಳ ದೂರದಲ್ಲಿ. ಆದರೂ ಓದನ್ನು ನಿಲ್ಲಿಸಿ ಬಾ ಎಂದು ಅವರು ಕರೆಸಿಕೊಳ್ಳಲಿಲ್ಲ. ತಮ್ಮ ತಂದೆ ತಮ್ಮನ್ನು ಕರೆಸಿಕೊಂಡಿದ್ದರು. ತಾವು ಮಗನನ್ನು ಕರೆಸಿಕೊಳ್ಳಲಿಲ್ಲ. ಈ ಒಂದು ಸಂಗತಿಯಲ್ಲಿ ಕವಿಯ ಪಿತೃಹೃದಯ ಎಷ್ಟು ಗಟ್ಟಿಯಾದುದೆಂಬುದನ್ನು ಅಳೆಯಬಹುದು.

ಹಿಂದಿರುಗಿದ ಮಗ ಶಿಲಾಯಿದಹದಲ್ಲಿ ಹೊಲ ಹಿಡಿದ. ಅಮೆರಿಕದಿಂದ ಜೋಳದ ಬೀಜ ತರಿಸಿದ; ಮಣ್ಣನ್ನು ಪರೀಕ್ಷಿಸಲು ಸಣ್ಣದೊಂದು ಪ್ರಯೋಗಶಾಲೆಯನ್ನೂ ಕಟ್ಟಿದ. ತಂದೆ ಮಗ ‘ಪದ್ಮಾ’ ಎಂಬ ತಮ್ಮ ದೋಣಿಮನೆಯಲ್ಲಿ ವಾಸಿಸುತ್ತ, ಸಂಜೆಯ ಹೊತ್ತು ಅಟ್ಟಣೆಯ ಮೇಲೆ ಕುಳಿತು ಮಾತನಾಡುತ್ತಿದ್ದರು. ಮಗ ಬೀಜ, ಗೊಬ್ಬರ, ತಳಿಗಳ ವಿಷಯ ಹೇಳುವನು. ಬಂಗಾಳದ ಮಹಾಕವಿ ವಿದ್ಯಾರ್ಥಿಯಂತೆ ಕೇಳುವರು. ತಂದೆಗೆ ತಾನು ಅಷ್ಟು ಹತ್ತಿರನಾಗಿದ್ದುದು ಇನ್ನಾವ ಕಾಲದಲ್ಲಿಯೂ ಇಲ್ಲವೆಂಬಂತೆ ರಥೀಂದ್ರರು ಮುಂದೆ ತಮ್ಮ ನೆನಪಿನ ಪುಸ್ತಕದಲ್ಲಿ ಆ ದಿನಗಳನ್ನು ಚಿತ್ರಿಸಿದ್ದಾರೆ. 1910ರ ಜನವರಿಯಲ್ಲಿ ಅವನಿಗೆ ಪ್ರತಿಮಾದೇವಿಯೊಡನೆ ಮದುವೆಯಾಯಿತು. ಆಕೆ ಬಾಲವಿಧವೆ. ಜೋಡಾಸಾಂಕೋದ ಠಾಕೂರರ ಮನೆಯಲ್ಲಿ ಅದುವರೆಗೆ ವಿಧವಾವಿವಾಹ ನಡೆದಿರಲಿಲ್ಲ.

1912ರ ವಸಂತದಲ್ಲಿ ಮೂವರೂ ಹೊರಡಬೇಕೆಂದು ಗೊತ್ತಾಯಿತು. ಹೊರಡುವ ಹೊತ್ತಿಗೆ ರವೀಂದ್ರರಿಗೆ ಅಸ್ವಸ್ಥತೆ. ಪ್ರಯಾಣ ಮುಂದಕ್ಕೆ ಹೋಯಿತು. ವಿಶ್ರಾಂತಿಗೆಂದು ಶಿಲಾಯಿದಹಕ್ಕೆ ಹೋದವರು, ಹೊಸದಾಗಿ ಬರೆಯುವ ಶಕ್ತಿಯಿಲ್ಲದೆ, ತಮ್ಮ ಹಳೆಯ ಗೀತೆಗಳನ್ನೇ ಒಂದು ನೋಟುಬುಕ್ಕಿನಲ್ಲಿ ಇಂಗ್ಲಿಷಿಗೆ ತಿರುಗಿಸುತ್ತ ಕಾಲ ಕಳೆದರು. ಮೇ ತಿಂಗಳ ಕೊನೆಯಲ್ಲಿ ಮುಂಬಯಿಯಲ್ಲಿ ಹಡಗು ಹತ್ತಿದ ಮೇಲೂ ಆ ಕೆಲಸ ನಡೆಯಿತು. ಮುಂದಿನದು ಪ್ರಸಿದ್ಧ ಕಥೆ. ಲಂಡನ್ನಿನಲ್ಲಿ ಇಳಿದು, ಸುರಂಗದ ರೈಲಿನಲ್ಲಿ ಹೊಟೇಲಿಗೆ ಹೋಗುವಾಗ, ಆ ಹಸ್ತಪ್ರತಿಯಿದ್ದ ಕೈಪೆಟ್ಟಿಗೆಯನ್ನು ಮಗ ಗಾಡಿಯಲ್ಲಿಯೇ ಬಿಟ್ಟುಬಿಟ್ಟ! ಮರುದಿನ ತಂದೆ ಕೇಳಿದಾಗ ನೆನಪಾಯಿತು, ಎದೆ ಧಸಕ್ಕೆಂದಿತು. ರೈಲ್ವೆಯವರ ಕಳೆದ ಸಾಮಾನುಗಳ ಕಛೇರಿಗೆ ಓಡಿಹೋಗಿ ನೋಡಿದರೆ, ಪೆಟ್ಟಿಗೆ ಅಲ್ಲಿ ಭದ್ರವಾಗಿ ಕುಳಿತಿದ್ದಿತು. ರಥೀಂದ್ರರೇ ಈ ಸಂಗತಿಯನ್ನು ಬರೆಯದೆ ಇದ್ದಿದ್ದರೆ ಯಾರೂ ನಂಬುತ್ತಿರಲಿಲ್ಲ. ಆ ನೋಟುಬುಕ್ಕನ್ನು ಚಿತ್ರಕಾರ ರೋಥೆನ್‌ಸ್ಟೈನರು ಓದಿದರು, ಕವಿ ಯೇಟ್ಸರಿಗೆ ಕೊಟ್ಟರು. ಜುಲೈ 7ರ ಸಂಜೆ ರೋಥೆನ್‌ಸ್ಟೈನರ ಮನೆಯಲ್ಲಿ ನೆರೆದ ಸಾಹಿತಿಗಳ ಮುಂದೆ ಯೇಟ್ಸರು ಅದನ್ನು ಓದಿದರು. ಇಂಡಿಯಾ ಸೊಸೈಟಿ ಎಂಬ ಸಂಸ್ಥೆ ಆ ಗೀತೆಗಳನ್ನು ‘ಗೀತಾಂಜಲಿ’ ಎಂಬ ಹೆಸರಿನಿಂದ 750 ಪ್ರತಿಗಳಷ್ಟು ಅಚ್ಚುಹಾಕಿಸಲು ಒಪ್ಪಿತು. ಮಾರಾಟಕ್ಕಿಟ್ಟುದು ಅದರಲ್ಲಿ 250 ಮಾತ್ರ.

ಇಷ್ಟಾದರೂ ಪುಸ್ತಕ ಹೊರಬರುವವರೆಗೆ ಕವಿ ಲಂಡನ್ನಿನಲ್ಲಿ ನಿಲ್ಲಲಿಲ್ಲ. ಅಕ್ಟೋಬರಿನಲ್ಲಿ ಮಗ ಸೊಸೆಯರೊಡನೆ ಅಟ್ಲಾಂಟಿಕ್ ದಾಟಿ, ನ್ಯೂಯಾರ್ಕಿನಲ್ಲಿ ಹೆಚ್ಚು ದಿನ ತಂಗದೆ, ನೇರವಾಗಿ ಮಗನ ಊರಿಗೆ ಬಂದರು. ಕಲ್ಕತ್ತೆಯ ಮನೆಯಲ್ಲಿ ಕರೆದರೆ ಬರುವ ಆಳುಕಾಳುಗಳ ನಡುವೆ ಬೆಳೆದವರಿಗೆ ಅರ್ಬಾನಾದ ಸಂಸಾರ ಹೊಸದು. ಅಲ್ಲಿ ಮಧ್ಯಮ ತರಗತಿಯ ಮನೆಗಳಲ್ಲಿ ಆಳೆಂಬ ಮಾತೇ ಇಲ್ಲ. ಒಲೆ, ಪಾತ್ರೆ, ಬಟ್ಟೆ ಎಲ್ಲವೂ ಮನೆಯವರ ಪಾಲಿನದೇ. ಹತ್ತೊಂಬತ್ತರ ‘ಬೌಮಾ’ ಆ ಮನೆಯ ಒಡತಿ. ನೆರೆಹೊರೆಯವರಿಗೆ ಈ ಉದ್ದಗಡ್ಡದ, ನಿಲುವಂಗಿಯ ಗೃಹಸ್ಥರು ನಮ್ಮ ಹಳೆಯ ವಿದ್ಯಾರ್ಥಿ ಟಾಗೋರನ ತಂದೆ, ಅಷ್ಟೇ. ತಂದೆಯ ಹೆಸರಿನಿಂದ ಮಗನನ್ನು ಗುರುತಿಸುವುದು ಲೋಕರೂಢಿ. ಆ ಒಂದು ಊರಿನಲ್ಲಿ, ಆ ಕೆಲವು ವಾರಗಳ ಮಟ್ಟಿಗೆ, ಅದು ತಿರುಗುಮುರುಗಾಗಿದ್ದಿತು. ರಥೀಂದ್ರನ ಬಾಳಿನಲ್ಲಿ ಅಂಥ ಕಾಲ ಮತ್ತೆ ಬರಲಿಲ್ಲ.

ಊರಿನ ಯೂನಿಟೇರಿಯನ್ ಪ್ರಾರ್ಥನಾಮಂದಿರದ ಪಾದ್ರಿಯಾದ ವೇಲ್ ಎಂಬವರು ಒಮ್ಮೆ ಬಂದು, ಉಪನಿಷತ್ತುಗಳ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಕೇಳಿಕೊಂಡರು. ತಮ್ಮ ಇಂಗ್ಲಿಷಿನ ವಿಷಯದಲ್ಲಿ ರವೀಂದ್ರರಿಗೆ ಯಾವಾಗಲೂ ಸಂಕೋಚ. ಆದರೂ ಒಪ್ಪಿ, ಬರೆದುಕೊಂಡು ಹೋಗಿ ಓದಿದರು. ಕೇಳಿದವರು ಇನ್ನೊಂದಾಗಲಿ ಎಂದರು, ಇನ್ನೊಂದಾಯಿತು, ಮತ್ತೊಂದಾಯಿತು. ಜೋಳದ ಹೊಲಗಳ ನಡುವಣ ಆ ಸಣ್ಣ ಮಂದಿರದಲ್ಲಿ, ಅಧ್ಯಾಪಕರೂ ಅವರ ಮನೆಯವರೂ ವಿದ್ಯಾರ್ಥಿಗಳೂ ಸೇರಿದ ಸಭೆಯ ಮುಂದೆ ಓದಿದ ಆ ಪ್ರಬಂಧಗಳೇ ಮುಂದೆ ಹಾರ್ವರ್ಡ್‌ನಲ್ಲಿಯೂ ಲಂಡನ್ನಿನಲ್ಲಿಯೂ ಉಪನ್ಯಾಸಗಳಾಗಿ, 1913ರಲ್ಲಿ ‘ಸಾಧನಾ’ ಎಂಬ ಗ್ರಂಥವಾದುವು. ಮಗನನ್ನು ನೋಡಿಕೊಂಡಿರಲು ಹೋದ ತಂದೆಯಿಂದ ಜಗತ್ತಿಗೆ ದೊರೆತ ಪುಸ್ತಕ ಅದು.

ಅಷ್ಟರಲ್ಲಿ ಲಂಡನ್ನಿನಲ್ಲಿ ‘ಗೀತಾಂಜಲಿ’ ಪ್ರಕಟವಾಯಿತು. ಪತ್ರಿಕೆಗಳ ವಿಮರ್ಶೆಗಳು ಅಂಚೆಯಲ್ಲಿ ಅರ್ಬಾನಾಕ್ಕೆ ಬರಲು ಮೊದಲಾದುವು. ಷಿಕಾಗೋದಲ್ಲಿ ಆಗತಾನೆ ಹುಟ್ಟಿದ್ದ ‘ಪೊಯೆಟ್ರಿ’ ಎಂಬ ಮಾಸಪತ್ರಿಕೆಗೆ ಎಜ್ರಾ ಪೌಂಡರು ಲಂಡನ್ನಿನಿಂದ ಕಳುಹಿಸಿದ್ದ ಆರು ಗೀತೆಗಳು ಅದರ ಡಿಸೆಂಬರ್ ಸಂಚಿಕೆಯಲ್ಲಿ ಅಚ್ಚಾದುವು. ಪತ್ರಿಕೆಯ ಪ್ರತಿಗಳು ಬೇಕೆಂದು ರಥೀಂದ್ರ ಕಾಗದ ಬರೆದಾಗ ಸಂಪಾದಕಿ ಹ್ಯಾರಿಯೆಟ್ ಮನ್ರೋ ಅವರಿಗೆ ಆಶ್ಚರ್ಯ: ಗಂಗಾತೀರದ ಕವಿಯೆಂದು ತಾವು ಭಾವಿಸಿದ್ದವರು ತಮ್ಮದೇ ಪ್ರಾಂತದಲ್ಲಿ, ರೈಲಿನಲ್ಲಿ ಕೆಲವೇ ಗಂಟೆಗಳ ದೂರದಲ್ಲಿ, ಬಾಡಿಗೆ ಮನೆಯಲ್ಲಿದ್ದಾರೆ! ಷಿಕಾಗೋದಿಂದ ಕರೆ ಬಂದಿತು. 1913ರ ಜನವರಿಯಲ್ಲಿ ತಂದೆ ಮಗ ಸೊಸೆ ಷಿಕಾಗೋಕ್ಕೆ ಹೋದರು. ಅಲ್ಲಿಂದ ರಾಚೆಸ್ಟರ್ ನಗರದ ಧಾರ್ಮಿಕ ಸಮ್ಮೇಳನ, ಫೆಬ್ರವರಿಯಲ್ಲಿ ಹಾರ್ವರ್ಡ್. ಏಪ್ರಿಲ್ ತಿಂಗಳಲ್ಲಿ ಮತ್ತೆ ಇಂಗ್ಲೆಂಡ್.

ಮತ್ತೆ ಮಗನ ಡಾಕ್ಟರೇಟ್? ಅದು ಅಲ್ಲಿಗೇ ನಿಂತಿತು. ಇಂಗ್ಲಿಷ್ ಪತ್ರವ್ಯವಹಾರ, ಟಿಕೆಟ್ಟು, ಹೊಟೇಲು, ಔಷಧಿ, ಕಾಣಬಂದವರ ಉಪಚಾರ ಇವೆಲ್ಲವನ್ನೂ ಹೊತ್ತುಕೊಳ್ಳಲು ಮನೆಯಲ್ಲಿದ್ದವನು ಅವನೊಬ್ಬ. ತಂದೆ ಊರೂರಿಗೆ ಹೋಗಬೇಕಾದಾಗ ಮಗ ಪ್ರಯೋಗಶಾಲೆಯಲ್ಲಿ ಕುಳಿತಿರಲಾದೀತೆ? ರಥೀಂದ್ರ ವ್ಯಾಸಂಗವನ್ನು ಬಿಟ್ಟು ಪೆಟ್ಟಿಗೆ ಕಟ್ಟಿದ. ಮಗನ ಓದಿಗಾಗಿ ಹೊರಟ ಪ್ರವಾಸ ಆ ಓದನ್ನೇ ನುಂಗಿದುದು ವಿಧಿಯ ವಿನೋದವೆನ್ನದೆ ಗತಿಯಿಲ್ಲ. ಶಮೀಂದ್ರ ಸತ್ತಾಗಲೂ ಮಗನ ವಿದ್ಯೆಗೆ ಭಂಗ ತರದಿದ್ದ ತಂದೆ, ಕೀರ್ತಿ ಬಂದ ಹೊತ್ತಿನಲ್ಲಿ ಅದಕ್ಕೆ ಕಾರಣರಾದರು. ದುಃಖವನ್ನು ಒಬ್ಬರೇ ಹೊರಬಹುದು. ಕೀರ್ತಿಯನ್ನು ಹೊರಲು ಸಹಾಯಕರು ಬೇಕಾಗುತ್ತದೆಯೋ ಏನೋ. ಆ ವರ್ಷದ ನವೆಂಬರಿನಲ್ಲಿ ನೊಬೆಲ್ ಬಹುಮಾನದ ಸುದ್ದಿ ಶಾಂತಿನಿಕೇತನಕ್ಕೆ ಬಂದ ಮೇಲಂತೂ ರಥೀಂದ್ರ ಮತ್ತೆ ವಿದ್ಯಾರ್ಥಿಯಾಗುವ ಮಾತು ದೂರವೇ ಉಳಿಯಿತು.

ಮಗನ ಬೇಸಾಯದ ಪ್ರಯೋಗಗಳಿಗೆಂದು ರವೀಂದ್ರರು 1912ರಲ್ಲಿಯೇ ಶಾಂತಿನಿಕೇತನದ ಬಳಿಯ ಸುರುಲ್ ಗ್ರಾಮದಲ್ಲಿ ಒಂದು ಮನೆಯನ್ನೂ ಜಮೀನನ್ನೂ ಕೊಂಡಿದ್ದರು. ಬಹಳ ವರ್ಷ ಅದು ಮಲೇರಿಯದ ಸೊಳ್ಳೆಗಳ ಪಾಲಾಗಿದ್ದಿತು. 1922ರಲ್ಲಿ ಅಲ್ಲಿ ಶ್ರೀನಿಕೇತನವೆಂಬ ಗ್ರಾಮೋದ್ಧಾರ ಸಂಸ್ಥೆ ಆರಂಭವಾದಾಗ ಅದರ ಮುಂದಾಳುವಾಗಿ ಬಂದವರು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಬೇಸಾಯ ಕಲಿತ ಲೆನರ್ಡ್ ಎಲ್ಮ್‌ಹರ್ಸ್ಟ್ ಎಂಬ ಆಂಗ್ಲ ತರುಣರು. ರಥೀಂದ್ರರೂ ಸಂತೋಷಚಂದ್ರರೂ ಅವರ ಜೊತೆಗೆ ದುಡಿದರು. ವಿಶ್ವಭಾರತಿಯ ಆಡಳಿತದ ಭಾರ ಹೊತ್ತು, ಬಿಡುವಾದಾಗ ಮರಗೆಲಸ, ತೊಗಲಿನ ಕೆಲಸ, ತೋಟಗಳಲ್ಲಿ ಕೈಯಾಡಿಸುತ್ತ ರಥೀಂದ್ರರು ಬಾಳನ್ನು ಸವೆಸಿದರು. 1951ರಲ್ಲಿ ವಿಶ್ವಭಾರತಿ ಕೇಂದ್ರ ವಿಶ್ವವಿದ್ಯಾನಿಲಯವಾದಾಗ ಅದರ ಮೊದಲ ಉಪಕುಲಪತಿಗಳಾದರು. ‘ಆನ್ ದಿ ಎಡ್ಜಸ್ ಆಫ್ ಟೈಮ್’ ಎಂಬ ಅವರ ನೆನಪುಗಳು ಪ್ರಕಟವಾದುದು 1958ರಲ್ಲಿ. ಅದರಲ್ಲಿ ತಂದೆಯ ವಿಷಯವಾಗಿ ಬರೆದುದೇ ಹೆಚ್ಚು, ತಮ್ಮ ವಿಷಯ ಕಡಿಮೆ. ತಂದೆಯ ಜನ್ಮಶತಾಬ್ದಿಯ ವರ್ಷವಾದ 1961ರ ಜೂನ್ ತಿಂಗಳಲ್ಲಿ ಅವರು ತೀರಿಕೊಂಡರು.

ಇದೇ ಮನೆಯಿಂದ, ವಿದೇಶದಲ್ಲಿ ಓದುತ್ತಿದ್ದ ಮಗನನ್ನು ನೋಡಲು ಇನ್ನೊಬ್ಬರು ಹೊರಟ ಸಂದರ್ಭವೊಂದಿದೆ. ಅವರು ರವೀಂದ್ರರ ಕಿರಿಯ ಮಗಳು ಮೀರಾದೇವಿ. ಅರ್ಬಾನಾದಲ್ಲಿ ಓದಿಬಂದ ನಗೇಂದ್ರನಾಥರೊಡನೆ ಆಕೆಯ ದಾಂಪತ್ಯ ಸುಖವಾಗಿರಲಿಲ್ಲ. ಗಂಡನಿಂದ ಬೇರೆಯಾಗಿ ಮಕ್ಕಳೊಡನೆ ತಂದೆಯ ಆಶ್ರಯದಲ್ಲಿದ್ದರು. ಮಗ ನೀತೀಂದ್ರನನ್ನು, ಮನೆಯವರ ‘ನೀತೂ’ವನ್ನು, ಮುದ್ರಣ ಮತ್ತು ಪ್ರಕಾಶನಗಳ ಕೆಲಸ ಕಲಿಯಲೆಂದು ತಾತನೇ ಜರ್ಮನಿಗೆ ಕಳುಹಿಸಿದ್ದರು. ಅಲ್ಲಿ ಹುಡುಗನಿಗೆ ಕ್ಷಯ ತಗುಲಿತು. ಇಂಗ್ಲೆಂಡಿನಲ್ಲಿದ್ದ ದೀನಬಂಧು ಆಂಡ್ರೂಸರು ಹೋಗಿ ನೋಡಿದರು. 1932ರ ಬೇಸಗೆಯಲ್ಲಿ ತಾಯಿ ಹಡಗು ಹತ್ತಿದರು. ತಾತನಿಗೆ ಆಗ ಎಪ್ಪತ್ತೊಂದು. ಪರ್ಷಿಯಾ ಪ್ರವಾಸವನ್ನು ಮುಗಿಸಿ ಆಗಷ್ಟೇ ಹಿಂದಿರುಗಿದ್ದರು. ಆಗಸ್ಟ್ 7ರಂದು ನೀತೂ ತೀರಿಕೊಂಡ. ವಯಸ್ಸು ಇಪ್ಪತ್ತರ ಸುಮಾರು.

ಸುದ್ದಿ ಬಂದಾಗ ಶಾಂತಿನಿಕೇತನದಲ್ಲಿ ವರ್ಷಾಮಂಗಲದ ಹಬ್ಬ ಹತ್ತಿರವಾಗಿದ್ದಿತು. ಹಬ್ಬವನ್ನು ನಿಲ್ಲಿಸೋಣವೆಂದು ಹಲವರು ಸೂಚಿಸಿದರು, ರವೀಂದ್ರರು ಬೇಡವೆಂದರು. ತಮ್ಮ ದುಃಖವನ್ನು ತಾವೇ ಹೊರಬೇಕು, ಮಕ್ಕಳ ಹಬ್ಬವನ್ನು ಅದಕ್ಕೆ ಬಲಿಕೊಡಬಾರದೆಂಬುದು ಅವರ ಮನಸ್ಸು. ಆ ತಿಂಗಳ ಕೊನೆಯಲ್ಲಿ ಮಗಳಿಗೆ ದೀರ್ಘವಾದ ಕಾಗದವೊಂದನ್ನು ಬರೆದರು. ಇಪ್ಪತ್ತೈದು ವರ್ಷಗಳ ಹಿಂದಿನ ಮಾತೊಂದನ್ನು ಅದರಲ್ಲಿ ತೆಗೆದರು: ಶಮೀ ಹೋದ ಮರುದಿನದ ರಾತ್ರಿ ತಾವು ರೈಲಿನಲ್ಲಿ ಬರುತ್ತಿದ್ದುದು, ಹೊರಗೆ ನೋಡಿದರೆ ಆಕಾಶವೆಲ್ಲ ಬೆಳ್ದಿಂಗಳಿಂದ ತುಂಬಿದ್ದುದು, ಎಲ್ಲಿಯೂ ಏನೊಂದೂ ಕಡಿಮೆಯಾದ ಗುರುತಿಲ್ಲದಿದ್ದುದು. ಆ ವರ್ಷ ಪ್ರಕಟವಾದ ತಮ್ಮ ‘ಪುನಶ್ಚ’ ಎಂಬ ಕವನ ಸಂಗ್ರಹವನ್ನು ನೀತೂವಿನ ಹೆಸರಿಗೆ ಅರ್ಪಿಸಿದರು.